ಬೀಳದ ಗುಡ್ಡದ ಕೆಳಗೆ

ಅತ್ತೆಯ ಕಣ್ಣಿಗೆ ಮದ್ದಿನ ಹನಿ ಬಿಡುವಾಗ ಅವಳಿಗೆ ಮತ್ತೆ ಆ ಸದ್ದು ಕೇಳಿಸಿತು. ಟಿಕ್. ಒಣಕಡ್ಡಿ ಮುರಿದ ಹಾಗೆ, ಅಥವಾ ಗಾಜು ಸೀಳಿದ ಹಾಗೆ, ಅಥವಾ ತನ್ನದೇ ಮೊಣಕಾಲಿನ ಕೀಲು ಲಟಕ್ಕೆಂದ ಹಾಗೆ. ಹನಿ ಕಣ್ಣಿಗೆ ಬೀಳದೆ ಕೆನ್ನೆಯ ಮೇಲೆ ಬಿದ್ದು ಕಿವಿಯ ಕಡೆಗೆ ಹರಿಯಿತು.

"ಅದು ಕೆನ್ನೆ ಕಣೇ," ಎಂದರು ಅತ್ತೆ. "ಪೊರೆ ಬಂದಿರೋದು ಕಣ್ಣಿಗೆ."

"ತಪ್ಪಾಯ್ತು ಅತ್ತೆ. ಮೇಲೆ ನೋಡಿ."

"ಮೇಲೆ ನೋಡೋದು ನಿನ್ನ ಕೆಲಸ. ನನಗೆ ಮೇಲೂ ಒಂದೇ, ಕೆಳಗೂ ಒಂದೇ. ಎರಡೂ ಮಂಜು."

ಮೇಲೆ ನೋಡುವುದು ನಿಜಕ್ಕೂ ಅವಳ ಕೆಲಸವೇ ಆಗಿತ್ತು. ಬೆಟ್ಟದ ರಸ್ತೆಗಳ ಇಲಾಖೆಯಲ್ಲಿ ಯಾವ ಇಳಿಜಾರು ಯಾವಾಗ ಕುಸಿದೀತು ಎಂದು ಅಂದಾಜು ಮಾಡುವವಳು ಅವಳು. ಊರಿನವರ ಬಾಯಲ್ಲಿ ಗುಡ್ಡದ ಮೇಡಂ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಹಾಗೆ ಒಂದೊಂದು ಗುಡ್ಡಕ್ಕೂ ಅಂಕ ಕೊಡಬೇಕು: ಕಡಿದಾಗಿದ್ದರೆ ಇಷ್ಟು, ಮರಗಳು ವಾಲಿದ್ದರೆ ಇಷ್ಟು, ತಡೆಗೋಡೆಯ ತೂತುಗಳಲ್ಲಿ ಕೆಸರುನೀರು ಬಂದರೆ ಇಷ್ಟು. ಹೆಚ್ಚು ಅಂಕ ಬಂದ ಗುಡ್ಡ ಕೆಟ್ಟ ಗುಡ್ಡ. ಈ ತಲೆಕೆಳಗಾದ ಲೆಕ್ಕ ಅವಳ ಮೇಲಧಿಕಾರಿಯಾದ ಮುಖ್ಯ ಇಂಜಿನಿಯರರಿಗೆ ಎಷ್ಟು ವರ್ಷವಾದರೂ ತಲೆಗೆ ಹತ್ತಲಿಲ್ಲ. ಒಂದು ಗುಡ್ಡಕ್ಕೆ ನೂರಕ್ಕೆ ತೊಂಬತ್ತು ಬಂದಿದೆ ಎಂದರೆ ಅವರ ಮುಖ ಅರಳುತ್ತಿತ್ತು, "ಭೇಷ್" ಎನ್ನುತ್ತಿದ್ದರು, ಆಮೇಲೆ ನೆನಪಾಗಿ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಎರಡನೆಯ ಹನಿ ಸರಿಯಾಗಿ ಕಣ್ಣಿಗೇ ಬಿತ್ತು. ಅತ್ತೆ ರೆಪ್ಪೆ ಮುಚ್ಚಿಕೊಂಡು, ಸಾಕಷ್ಟು ಹೊತ್ತು ಹಾಗೆಯೇ ಕೂತಿರಬೇಕೆಂದು ವೈದ್ಯರು ಹೇಳಿದ್ದನ್ನು ಪಾಲಿಸುತ್ತಾ, ಸೊಸೆಯ ಸೆರಗಿನ ತುದಿಯನ್ನು ಸುಮ್ಮನೆ ಬೆರಳಿಗೆ ಸುತ್ತಿಕೊಂಡು ಕೂತರು. ನಾಳೆ ಬೆಳಿಗ್ಗೆ ಆಪರೇಷನ್ನು. ಇವತ್ತೇ ಹೋಗಿ ಆಸ್ಪತ್ರೆ ಸೇರಬೇಕು. ಕಣ್ಣಿನ ವೈದ್ಯರು ಊರೂರು ತಿರುಗುವವರು. ಈ ಸಲ ತಪ್ಪಿದರೆ ಮತ್ತೆ ಬರುವುದು ಚಳಿಗಾಲಕ್ಕೆ, ಅಷ್ಟರಲ್ಲಿ ಉಳಿದಿರುವ ಚೂರುಪಾರು ಬೆಳಕೂ ಆರುತ್ತದೆ ಎಂದು ಅವರೇ ಹೇಳಿದ್ದರು. ಆಸ್ಪತ್ರೆ ಇರುವುದು ಗುಡ್ಡದ ಆಚೆಯ ಪೇಟೆಯಲ್ಲಿ. ಸುತ್ತುದಾರಿಯ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕುಲುಕಿಸಿಕೊಂಡು ಹೋಗಲು ಅತ್ತೆಯ ಸೊಂಟ ಒಪ್ಪದು. ನೇರ ರಸ್ತೆ ಮುಚ್ಚಿದೆ. ಮುಚ್ಚಿಸಿದವಳು ಅವಳೇ.

ಒಳಗೆ ಅವಳ ಗಂಡ ಬುತ್ತಿ ಕಟ್ಟುತ್ತಿದ್ದ. ಅವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅವಳ ಕೆಲಸಕ್ಕೆ ಬೇಕಾದ ಗಾಜಿನ ಪಟ್ಟಿಗಳನ್ನು, ಬೆರಳಗಲ, ಗೇಣುದ್ದ, ಅವನೇ ಕತ್ತರಿಸಿ, ಅಂಚನ್ನು ಉಜ್ಜಿ, ಅವಳ ಕೈ ಕೊಯ್ಯದ ಹಾಗೆ ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ. ಬಂಡೆಯ ಬಿರುಕಿನ ಆಚೆ ಈಚೆ ಗಾರೆಯ ಎರಡು ಉಂಡೆ ಮೆತ್ತಿ, ನಡುವೆ ಸೇತುವೆಯ ಹಾಗೆ ಆ ಗಾಜನ್ನು ಕೂಡಿಸುವುದು. ಗುಡ್ಡ ಕೂದಲೆಳೆಯಷ್ಟು ಜರುಗಿದರೂ ಗಾಜು ಒಡೆಯುತ್ತದೆ. ಒಡೆದರೆ ರಸ್ತೆ ಮುಚ್ಚಬೇಕು. ಇದಕ್ಕಿಂತ ಸರಳವಾದ, ಇದಕ್ಕಿಂತ ನಂಬಿಗಸ್ತವಾದ ಸಾಧನ ಇನ್ನೊಂದಿಲ್ಲ ಎಂದು ಅವಳೇ ಹೊಸಬರಿಗೆ ಪಾಠ ಹೇಳುತ್ತಿದ್ದಳು. ಗಾಜು ಸುಳ್ಳು ಹೇಳುವುದಿಲ್ಲ.

"ರೀ," ಎಂದಳು, ಬುತ್ತಿಯ ಮುಚ್ಚಳವನ್ನು ತಾನೇ ಒತ್ತಿ ನೋಡುತ್ತಾ, "ಎಳೆದು ಒಡೆದ ಗಾಜಿಗೂ ತುಳಿದು ಒಡೆದ ಗಾಜಿಗೂ ವ್ಯತ್ಯಾಸ ಗೊತ್ತಾಗುತ್ತಾ?"

"ಗಾಜನ್ನ ಯಾರು ಎಳೀತಾರೆ?"

"ಸುಮ್ಮನೆ ಕೇಳಿದೆ."

"ಒಡೆದ ಗಾಜು ಒಡೆದ ಗಾಜು. ಅಂಗಡಿಗೆ ಬರೋ ಗಿರಾಕಿಗಳನ್ನ ಕೇಳು, ಎಲ್ಲರ ಮನೇಲೂ ತಾನಾಗೇ ಒಡೀತು. ಇದುವರೆಗೆ ನಾನೇ ಒಡೆದೆ ಅಂದವರನ್ನ ನಾನು ಕಂಡೇ ಇಲ್ಲ." ಅವನು ನಕ್ಕ. ಅವಳು ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. ಅವನು ಅದನ್ನು ನೋಡಿದ. ನೋಡಿ, ಅವಳ ಬುತ್ತಿಗೆ ಇನ್ನೊಂದು ತುತ್ತಿಗಾಗುವಷ್ಟು ಹೆಚ್ಚಿಗೆ ಹಾಕಿದ.

ರಸ್ತೆ ಮುಚ್ಚಿಸಿದ ಆ ದಿನ ಮೇಲೆ ಗಾಳಿ ಇತ್ತು. ಗುಡ್ಡದ ನೆತ್ತಿಯ ಬಂಡೆಯ ಮೇಲೆ ಅವಳೊಬ್ಬಳೇ. ಗಾಜು ಕಣ್ಣಿಗೆ ಬೀಳುವ ಮೊದಲೇ ಛತ್ರಿ ಗಾಳಿಗೆ ತಿರುವುಮುರುವಾಯಿತು, ಅದನ್ನು ಹಿಡಿಯಲು ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು, ಟಿಕ್ ಎಂದಿತು, ತಿರುಗಿ ನೋಡಿದರೆ ಗಾಜು ಎರಡು ತುಂಡಾಗಿತ್ತು. ತಕ್ಷಣ ಕೆಳಗಿನ ಕಚೇರಿಗೆ ಫೋನು ಮಾಡಿ ಮುಚ್ಚಿ ಎಂದಳು. ಆ ಕ್ಷಣ ಸಂಶಯದ ಸುಳಿವೂ ಇರಲಿಲ್ಲ. ಇನ್ನೂ ಹೇಳಬೇಕೆಂದರೆ ಒಂದು ಬಗೆಯ ಹಿಗ್ಗು ಇತ್ತು; ಇಷ್ಟು ವರ್ಷ ಅಂಕ ಕೊಟ್ಟ ಗುಡ್ಡ ಕೊನೆಗೂ ತನಗೊಂದು ಉತ್ತರ ಕೊಟ್ಟಿತಲ್ಲ ಎಂದು. ಸಂಶಯ ಬಂದದ್ದು ಇಳಿಯುವಾಗ, ಬೂಟಿನ ಅಡಿಯಲ್ಲಿ ಏನೋ ಕಿರುಗುಟ್ಟಿದಾಗ. ಕಲ್ಲಿನ ಮೇಲೆ ಕೂತು ನೋಡಿದರೆ ಅಟ್ಟೆಯಲ್ಲಿ ಒಂದು ಗಾಜಿನ ಚೂರು. ಆದರೆ ಒಡೆದದ್ದನ್ನು ಬಗ್ಗಿ ನೋಡುವಾಗಲೂ ಅದು ಹತ್ತಿಕೊಂಡಿರಬಹುದಲ್ಲ? ಮೊದಲು ಹೆಜ್ಜೆಯೋ, ಮೊದಲು ಸದ್ದೋ? ಅಂದಿನಿಂದ ಅವಳು ಆ ಹೆಜ್ಜೆಯನ್ನು ಅಡಿಗೆಮನೆಯಲ್ಲಿ, ಸ್ನಾನದ ಮನೆಯಲ್ಲಿ, ಕಚೇರಿಯ ಮೆಟ್ಟಿಲಲ್ಲಿ ಎಷ್ಟು ಸಲ ಹಿಂದಕ್ಕಿಟ್ಟಿದ್ದಳೋ. ಇಟ್ಟಷ್ಟು ಸಲವೂ ಕ್ರಮ ಬದಲಾಗುತ್ತಿತ್ತು. ಒಮ್ಮೆ ಸದ್ದು ಮೊದಲು ಬಂದು, ಅದನ್ನು ಕೇಳಿಯೇ ತಾನು ಹಿಂದೆ ಸರಿದಂತೆ ಸ್ಪಷ್ಟವಾಗಿ ಕಾಣುತ್ತಿತ್ತು. ಇನ್ನೊಮ್ಮೆ ಅಟ್ಟೆಯ ಕೆಳಗೆ ಗಾಜು ಸಣ್ಣಗೆ ಬಾಗಿ ಬಿಟ್ಟುಕೊಟ್ಟದ್ದು ಅಂಗಾಲಿಗೇ ನೆನಪಿರುವಂತೆ ಅನಿಸುತ್ತಿತ್ತು. ಮರುದಿನ ಅಲ್ಲಿ ಹೊಸ ಗಾಜು ಕೂಡಿಸಿದ್ದಳು. ಎರಡನೆಯ ವಾರ ಮುಗಿಯುತ್ತಾ ಬಂತು, ಅದು ಒಡೆದಿರಲಿಲ್ಲ. ಅದರಿಂದ ಏನೂ ರುಜುವಾಗುವುದಿಲ್ಲ. ಗುಡ್ಡ ಗಡಿಯಾರದ ಹಾಗೆ ಜರುಗುವುದಿಲ್ಲ, ಒಮ್ಮೆ ಮಿಸುಕಿ, ವಾರಗಟ್ಟಲೆ ಸುಮ್ಮನಿದ್ದು, ಆಮೇಲೆ ಒಂದೇ ಸಲಕ್ಕೆ ಬಂದುಬಿಡುತ್ತದೆ. ಇದನ್ನು ಎಲ್ಲರಿಗೂ ಹೇಳಿದ್ದಳು. ಛತ್ರಿಯ ವಿಷಯ ಯಾರಿಗೂ ಹೇಳಿರಲಿಲ್ಲ.

ಅತ್ತೆಯ ಜೊತೆ ಆಟೋದಿಂದ ಇಳಿದಾಗ ರಸ್ತೆ ಮುಚ್ಚಿದ ಅಡ್ಡಗಂಬದ ಬಳಿ ಒಂದು ಸಣ್ಣ ಪೇಟೆಯೇ ಎದ್ದಿತ್ತು. ಚಹಾದವರು ಬಂದಿದ್ದರು, ಕ್ಷೌರದವನು ಕುರ್ಚಿ ಕನ್ನಡಿ ತಂದು ಮೈಲುಗಲ್ಲಿಗೆ ಒರಗಿಸಿದ್ದ. ಅಡ್ಡಗಂಬದಿಂದ ಆಚೆಗೆ, ಗುಡ್ಡದ ಬುಡದಲ್ಲಿ, ಅರ್ಧ ಮೈಲಿಯಷ್ಟು ರಸ್ತೆ ಬೋಳಾಗಿ ಬಿದ್ದುಕೊಂಡಿತ್ತು, ಆ ತುದಿಯಲ್ಲೊಂದು ಅಡ್ಡಗಂಬ. ಮುಚ್ಚಿದ್ದು ವಾಹನಗಳಿಗೆ. ಆದ್ದರಿಂದ ಜನ ನಡೆಯುತ್ತಿದ್ದರು. ಈ ಕಡೆಯ ಬಸ್ಸಿನಿಂದ ಇಳಿದು, ಗಂಟುಮೂಟೆ ಹೊತ್ತು, ಗುಡ್ಡದ ಅಡಿಯಲ್ಲಿ ನಡೆದು, ಆ ಕಡೆಯ ಬಸ್ಸು ಹತ್ತುತ್ತಿದ್ದರು. ಮೊದಲಾದರೆ ಬಸ್ಸಿನಲ್ಲಿ ಕೂತವನು ಒಂದು ಆಕಳಿಕೆ ಮುಗಿಸುವಷ್ಟರಲ್ಲಿ ಗುಡ್ಡ ದಾಟಿ ಹೋಗುತ್ತಿದ್ದ. ಈಗ ಬಸುರಿಯರು, ಮುದುಕರು, ಹೊಲಿಗೆಯಂತ್ರ ಹೊತ್ತವರು ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ದಾಟುತ್ತಿದ್ದರು. ಅಪಾಯದ ಲೆಕ್ಕವೆಂದರೆ ಇಷ್ಟೇ ತಾನೆ, ಗುಡ್ಡ ಬೀಳುವ ಸಂಭವ ಎಷ್ಟು, ಅದರ ಕೆಳಗೆ ಮನುಷ್ಯರು ಇರುವ ಹೊತ್ತು ಎಷ್ಟು. ತಾನು ರಸ್ತೆ ಮುಚ್ಚಿ ಆ ಹೊತ್ತನ್ನು ಹತ್ತಾರು ಪಟ್ಟು ಹಿಗ್ಗಿಸಿದ್ದಳು. ಇದನ್ನು ಮುಖ್ಯ ಇಂಜಿನಿಯರರಿಗೆ ಹೇಳಿಯೂ ಹೇಳಿದ್ದಳು. "ನಡೆಯೋರಿಗೆ ನಮ್ಮ ಫಾರಮ್ಮಿನಲ್ಲಿ ಕಾಲಂ ಇಲ್ಲ ಮೇಡಂ," ಎಂದಿದ್ದರು ಅವರು, ನಿಜವಾದ ದುಃಖದಿಂದ. "ಇದು ಮೋಟಾರು ರಸ್ತೆ ಅಲ್ವಾ? ನಡೆಯೋರು ಇಲಾಖೆಗೆ ಕಾಣಿಸೋದೇ ಇಲ್ಲ." ಅವಳು ಪಟ್ಟು ಹಿಡಿಯಬಹುದಿತ್ತು. ಹಿಡಿಯಲಿಲ್ಲ. ತನ್ನ ಬೂಟಿನ ಅಡಿಯ ಒಂದು ಸದ್ದಿಗಾಗಿ ಇಷ್ಟು ಜನರನ್ನು ನಡೆಸಿದ್ದು ಸಾಲದೆ, ನಡೆಯುವುದನ್ನೂ ನಿಲ್ಲಿಸಿ ಎನ್ನಲು ನಾಲಿಗೆ ಏಳಲಿಲ್ಲ.

ಮತ್ತು ಅವರೆಲ್ಲ ಪಿಸುಗುಟ್ಟುತ್ತಿದ್ದರು. ಅದಕ್ಕೂ ಅವಳೇ ಕಾರಣ. ಮುಚ್ಚಿದ ಮೊದಲ ದಿನ ಈ ಜಾಗದಲ್ಲೇ ನಿಂತು, ತಲೆನೋವು ತಡೆಯಲಾರದೆ, "ದಯವಿಟ್ಟು ಯಾರೂ ಸದ್ದು ಮಾಡಬೇಡಿ" ಎಂದಿದ್ದಳು. ಸಂಜೆಯ ಹೊತ್ತಿಗೆ ಬಣ್ಣದ ಬೋರ್ಡು ಬಂದಿತ್ತು: ಸದ್ದು ಮಾಡಬಾರದು, ಗುಡ್ಡ ಬೀಳುತ್ತದೆ. ಸದ್ದಿಗೆ ಗುಡ್ಡ ಬೀಳುವುದಿಲ್ಲ, ನನಗೆ ತಲೆನೋವಿತ್ತು ಎಂದು ಮರುದಿನ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಒಬ್ಬ ತಾಯಿ ಅಳುವ ಮಗುವಿನ ಬಾಯಿಗೆ ಸೆರಗು ಒತ್ತಿಕೊಂಡು ಓಡೋಡಿ ದಾಟಿದ್ದನ್ನು ನೋಡಿದಳು. ದಾಟಿದ ಮೇಲೆ ಆಕೆ ಗುಡ್ಡದ ಕಡೆ ತಿರುಗಿ, ಉಪಕಾರವಾಯಿತು ಎಂಬಂತೆ ತಲೆಬಾಗಿದಳು. ಆಮೇಲೆ ಹೇಗೆ ಹೇಳುವುದು? ಈಗ ವಾದ್ಯದವರ ಡೋಲೊಂದು ಕಂಬಳಿ ಹೊದ್ದು, ಮಲಗಿದ ಹಿರಿಯರ ಹಾಗೆ ಇಬ್ಬರ ಹೆಗಲ ಮೇಲೆ ಸಾಗುತ್ತಿತ್ತು. ಗೇಟಿನ ಪೊಲೀಸಿನವನು ಮೈಕನ್ನು ತುಟಿಗೆ ಹಚ್ಚಿ ಪಿಸುಗುಟ್ಟುತ್ತಿದ್ದ: "ಬೇಗ ಬೇಗ... ನಿಲ್ಲಬೇಡಿ... ಸೀನಬೇಡಿ..." ಆ ಪಿಸುಮಾತು ದೊಡ್ಡದಾಗಿ ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. ಮನೆಯಲ್ಲಿ ಒಬ್ಬರ ಮೇಲೊಬ್ಬರು ಕಿರಿಚಾಡುವ ಗಂಡಹೆಂಡಿರು ಇಲ್ಲಿ ಮೆತ್ತಗೆ ಮಾತಾಡುತ್ತಿದ್ದರು. ನಡುದಾರಿಯಲ್ಲಿ ಎದುರಾದವರು ಭಾರ ಅದಲುಬದಲು ಮಾಡಿಕೊಳ್ಳುವ ಪದ್ಧತಿಯೂ ಹುಟ್ಟಿಕೊಂಡಿತ್ತು. ಕೈ ಖಾಲಿ ಇದ್ದವರು ಹಿಂದಿರುಗಿ ಬೇರೆಯವರ ಮೂಟೆ ದಾಟಿಸಿಕೊಡುತ್ತಿದ್ದರು. ಇಷ್ಟು ಒಳ್ಳೆಯತನವನ್ನು ಈ ಊರಿನಲ್ಲಿ ಅವಳು ಹಿಂದೆ ಕಂಡಿರಲಿಲ್ಲ. ಅದೆಲ್ಲ ಒಂದು ತಲೆನೋವಿನ ಮೇಲೆ, ಒಂದು ಹೆಜ್ಜೆಯ ಮೇಲೆ ನಿಂತಿತ್ತು.

ಮುಖ್ಯ ಇಂಜಿನಿಯರರು ಜೀಪಿನಿಂದ ಇಳಿದು ಬಂದರು. ಇವರೂ ಪಿಸುಗುಟ್ಟಿದರು. "ಮೇಡಂ, ಮೇಲಿನಿಂದ ಬಹಳ ಒತ್ತಡ. ಬೀಳೋದಾದ್ರೆ ಬೀಳಲಿ, ಇಲ್ಲದಿದ್ರೆ ತೆಗೀರಿ ಅಂತಾರೆ. ಹೀಗೆ ಬೀಳದೇ ಇರೋ ಗುಡ್ಡನ ಎಷ್ಟು ದಿನ ಕಾಯೋದು?"

"ಅದು ನಮಗೆ ಹೇಳಿ ಬೀಳಲ್ಲ ಸಾರ್."

"ಗೊತ್ತು, ಗೊತ್ತು. ಆದ್ರೆ ನೀವು ಒಂದು ಮಾತು ಹೇಳಿದ್ರೆ ಸಾಕು. 'ಪರವಾಗಿಲ್ಲ' ಅನ್ನಿ, ಈ ಕ್ಷಣ ಅಡ್ಡಗಂಬ ಎತ್ತಿಸ್ತೀನಿ. ಅಮ್ಮನ್ನ ನನ್ನ ಜೀಪಿನಲ್ಲೇ ಕೂರಿಸಿಕೊಂಡು ಆಸ್ಪತ್ರೆ ಬಾಗಿಲಿಗೆ ಬಿಡ್ತೀನಿ." ಅವರು ಅತ್ತೆಯ ಕೈಚೀಲ ಆಗಲೇ ತೆಗೆದುಕೊಂಡಿದ್ದರು; ಆಮಿಷಕ್ಕೆಂದಲ್ಲ, ಅದು ಭಾರವಿದೆ ಎಂದು. ಒಳ್ಳೆಯ ಮನುಷ್ಯ. ಅವಳ ಬಾಯಿ ತೆರೆಯಿತು. ಪರವಾಗಿಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿ ಬೆಚ್ಚಗೆ ಕೂತಿತ್ತು. ತುಳಿದಿದ್ದರೆ ಅದು ನಿಜ. ತುಳಿಯದಿದ್ದರೆ ಈ ಜೀಪು, ಹಿಂದಿನ ಬಸ್ಸು, ಅದರ ಹಿಂದಿನ ಶಾಲೆಯ ವ್ಯಾನು, ಎಲ್ಲ ಮಣ್ಣಿನಡಿ. ತುಳಿದಿರಲೇಬೇಕು ಅನಿಸಿತು, ಹಾಗೆ ಅನಿಸುವುದು ಈಗ ಅನುಕೂಲವಾಗಿದೆ ಎಂದೂ ಅದರ ಹಿಂದೆಯೇ ಅನಿಸಿತು.

"ಜೀಪು ಬೇಡಪ್ಪಾ," ಎಂದರು ಅತ್ತೆ. ಅವರ ಪಿಸುಮಾತು ಇತರರ ಮಾತಿಗಿಂತ ಜೋರು. ಸುತ್ತಲಿದ್ದವರೆಲ್ಲ ಬೆಚ್ಚಿ ಗುಡ್ಡದ ಕಡೆ ನೋಡಿದರು. "ಜೀಪಿನಲ್ಲಿ ನನಗೆ ಹೊಟ್ಟೆ ತೊಳಸುತ್ತೆ. ಎಲ್ಲರ ಹಾಗೆ ನಡೀತೀನಿ. ನಡಿಯೇ."

"ದಾಟಿಸಿ ಬಂದು ಹೇಳ್ತೀನಿ ಸಾರ್," ಎಂದಳು ಅವಳು, ಕೈಚೀಲವನ್ನು ಅವರಿಂದ ವಾಪಸು ತೆಗೆದುಕೊಳ್ಳುತ್ತಾ. ತಪ್ಪಿಸಿಕೊಂಡ ಸಮಾಧಾನವೂ, ತಪ್ಪಿಸಿಕೊಂಡೆನಲ್ಲ ಎಂಬ ನಾಚಿಕೆಯೂ ಒಟ್ಟಿಗೆ ಕಿವಿಯವರೆಗೆ ಏರಿದವು.

ನಡೆದರು. ಅತ್ತೆಯ ನಡಿಗೆ ನಿಧಾನ. ಒಂದು ಕೈ ಸೊಸೆಯ ತೋಳಿನಲ್ಲಿ, ಇನ್ನೊಂದರಲ್ಲಿ ಕೋಲು. ಅವಳು ಮೇಲೆ ನೋಡುತ್ತಾ ನಡೆದಳು. ತಾನು ಕಣ್ಣಿನಿಂದ ಎತ್ತಿ ಹಿಡಿದಿರುವಷ್ಟು ಹೊತ್ತು ಗುಡ್ಡ ಬೀಳುವುದಿಲ್ಲ, ಕಣ್ಣು ತೆಗೆದರೆ ಬಂದೀತು ಎಂಬ ಮೂರ್ಖ ಭಾವನೆ ಅವಳಿಗೆ ಈ ಕೆಲಸಕ್ಕೆ ಸೇರಿದಾಗಿನಿಂದ ಇತ್ತು. ಅದನ್ನು ಯಾವ ಪುಸ್ತಕವೂ ಕಳೆದಿರಲಿಲ್ಲ. ಹಳದಿ ಮಣ್ಣು, ಅದರಲ್ಲಿ ಹಲ್ಲಿನ ಹಾಗೆ ಸಿಕ್ಕಿಕೊಂಡ ಕಲ್ಲುಗಳು, ಒಂದು ಕಡೆಗೆ ಕಿವಿಗೊಟ್ಟಂತೆ ವಾಲಿದ ನಾಲ್ಕಾರು ಮರ. ನೀನು ಬೀಳಬೇಕೆಂದು ನಾನು ಕೇಳಿಕೊಂಡದ್ದುಂಟು, ಎಂದಳು ಮನಸ್ಸಿನಲ್ಲೇ. ಕಳೆದ ವಾರ, ಯಾರೂ ಇಲ್ಲದ ಹೊತ್ತಿನಲ್ಲಿ, ಒಂದಿಷ್ಟು, ಒಂದು ಬುಟ್ಟಿಯಷ್ಟಾದರೂ ಬೀಳಬಾರದೇ ಎಂದು. ಕ್ಷೌರದವನು ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚುತ್ತಾ, ಅವಳು ಕೇಳಲಿ ಎಂದೇ, "ಮೇಡಂ ಗುಡ್ಡಕ್ಕೆ ಇನ್ನೂ ಮುಹೂರ್ತ ಇಟ್ಟಿಲ್ವಂತೆ" ಎಂದಿದ್ದ ದಿನ ಅದು. ಗಿರಾಕಿ ನಗು ತಡೆದು ತಡೆದು ಕೆನ್ನೆ ಕೊಯ್ಯಿಸಿಕೊಂಡಿದ್ದ.

ಸರಿಯಾಗಿ ನಡುದಾರಿಗೆ ಬಂದಾಗ ಅತ್ತೆ ನಿಂತರು. ವಾಲಿದ ಮರಗಳ ನೇರ ಕೆಳಗೆ.

"ಯಾಕೋ ಕಾಲು ಬರ್ತಿಲ್ಲ ಕಣೇ. ಒಂದು ಗಳಿಗೆ ಕೂತ್ಕೋತೀನಿ."

"ಇಲ್ಲಿ ಬೇಡ ಅತ್ತೆ. ಸ್ವಲ್ಪ ಮುಂದೆ, ಆ ತಿರುವಿನಲ್ಲಿ."

"ತಿರುವು ನಿನಗೆ ಕಾಣುತ್ತೆ, ನನಗೆ ಕಾಣುತ್ತಾ?" ಎಂದು ಅತ್ತೆ ರಸ್ತೆಯ ನಟ್ಟನಡುವೆ ಕೂತೇ ಬಿಟ್ಟರು. ಅವಳು ಕಂಕುಳಿಗೆ ಕೈ ಕೊಟ್ಟು ಎತ್ತಲು ನೋಡಿದಳು. ಅಷ್ಟರಲ್ಲಿ ಎದುರಿನಿಂದ ಬರುತ್ತಿದ್ದ ಒಬ್ಬಾಕೆ ತನ್ನ ಗಂಡನನ್ನು ಮುಂದೆ ಕಳಿಸಿ, ನಿಂತು, ನೀರಿನ ಬಾಟಲಿ ಬಿಚ್ಚಿದಳು. ಹಿಂದಿನಿಂದ ಬಂದ ಮುದುಕರೊಬ್ಬರು ಹೆಗಲ ವಸ್ತ್ರ ಮಡಿಸಿ ಕೆಳಗೆ ಹಾಸಿದರು. ಯಾರೋ ಪೇಪರಿನಿಂದ ಗಾಳಿ ಹಾಕಿದರು. ಡೋಲಿನವರಿಬ್ಬರು ಡೋಲನ್ನು ಇಳಿಸಿ, ಕಂಬಳಿ ಸಮೇತ ಅತ್ತೆಯ ಬೆನ್ನಿಗೆ ಒರಗು ಕೊಟ್ಟರು. "ಹಾಯಾಗಿದೆ," ಎಂದರು ಅತ್ತೆ. ಎರಡೂ ಕಡೆಯಿಂದ ಬಂದವರು ಬಂದಂತೆ ನಿಲ್ಲುತ್ತಿದ್ದರು. ದಾಟಿ ಹೋಗುವುದು ಯಾರಿಗೂ ಸಭ್ಯತೆ ಅನಿಸಲಿಲ್ಲ. ಮೂಟೆಗಳು ಇಳಿದವು. ಮಕ್ಕಳು ಸುತ್ತ ಕೂತರು. ಅವಳು ಒಬ್ಬೊಬ್ಬರ ಬಳಿಗೂ ಹೋಗಿ, "ದಯವಿಟ್ಟು ನಡೀರಿ, ಇಲ್ಲಿ ನಿಲ್ಲಬಾರದು," ಎಂದು ಪಿಸುಗುಟ್ಟಿದಳು.

"ಪರವಾಗಿಲ್ಲ ಮೇಡಂ, ನಮಗೇನು ಅವಸರ," ಎಂದು ಅವರು ಪಿಸುಗುಟ್ಟಿದರು.

"ನಾನು ನೋಡ್ಕೋತೀನಿ ಅತ್ತೇನ. ನೀವು ಹೋಗಿ."

"ಅಯ್ಯೋ, ವಯಸ್ಸಾದೋರನ್ನ ನಡುದಾರೀಲಿ ಬಿಟ್ಟು ಹೋಗೋದಾ? ನಾವೇನು ಮನುಷ್ಯರಲ್ವಾ?"

ಗುಂಪು ಬೆಳೆಯಿತು. ದೂರದಿಂದ ಪೊಲೀಸಿನವನ ಪಿಸುಮಾತು ಗುಡ್ಡದಿಂದ ಗುಡ್ಡಕ್ಕೆ ತೇಲಿ ಬಂತು: "ನಿಲ್ಲಬೇಡಿ... ಏನಾಯ್ತು... ಅಮ್ಮನಿಗೆ ನೀರು ಕೊಡಿ..." ಅವಳ ತಲೆಯಲ್ಲಿ ಲೆಕ್ಕ ತನ್ನಷ್ಟಕ್ಕೆ ತಿರುಗತೊಡಗಿತು, ಇಷ್ಟು ತಲೆ, ಇಷ್ಟು ಹೊತ್ತು. ಇಷ್ಟು ವರ್ಷಗಳಲ್ಲಿ ಈ ರಸ್ತೆಯ ಮೇಲೆ, ಈ ಜಾಗದಲ್ಲಿ, ಒಮ್ಮೆಗೇ ಇಷ್ಟು ಜನ ಎಂದೂ ನಿಂತಿರಲಿಲ್ಲ. ಯಾವ ಗುಡ್ಡಕ್ಕೂ ಇಷ್ಟು ಅಂಕ ಬಂದಿರಲಿಲ್ಲ. ಒಂದು ಮಗು ಅತ್ತೆಯ ಕೈಗೆ ತನ್ನ ಅರ್ಧ ತಿಂದ ಹಣ್ಣು ಕೊಟ್ಟಿತು. ಎಲ್ಲರೂ ಸದ್ದಿಲ್ಲದೆ ಸಂತೋಷಪಟ್ಟರು. ಈ ಒಳ್ಳೆಯ ಮುಖಗಳ ಮೇಲೆ ಹಳದಿ ಮಣ್ಣು ಬರುವುದನ್ನು ಅವಳು ಕಂಡಳು. ಕಲ್ಪಿಸಿಕೊಂಡಳು ಎಂದರೂ ಸರಿಯೇ. ಆ ಎರಡರಲ್ಲಿ ಮೊದಲು ಯಾವುದು ಎಂದು ಹೇಳುವ ಶಕ್ತಿಯನ್ನು ಅವಳು ಕಳೆದುಕೊಂಡು ಬಹಳ ದಿನವಾಗಿತ್ತು. ಓಡಿ ಎನ್ನಬೇಕೆಂದು ಬಾಯಿ ತೆರೆದಳು. ಬಂದದ್ದು ಬೇರೆ.

"ಗಾಜು ನಾನೇ ತುಳಿದಿರಬಹುದು!"

ಅದು ಅವಳ ಧ್ವನಿ ಎಂದು ಅವಳಿಗೇ ಗೊತ್ತಾಗಲಿಲ್ಲ. ಎಷ್ಟೋ ದಿನದಿಂದ ಯಾರೂ ಕೂಗದ ಆ ಕಣಿವೆಯಲ್ಲಿ ಅದು ಆಚೆಗೆ ಬಡಿದು, ಈಚೆಗೆ ಬಡಿದು, ಬಹುದು ಬಹುದು ಎಂದುಕೊಂಡು ಹೋಯಿತು. "ಶ್!" ಎಂದರು ಎಲ್ಲರೂ. ಗಾಜೇನು, ತುಳಿದದ್ದೇನು ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರ ಮುಖಗಳೂ ಒಟ್ಟಿಗೆ ಮೇಲೆ ತಿರುಗಿದವು.

"ತುಳಿದೆನೋ ಇಲ್ಲವೋ ಗೊತ್ತಿಲ್ಲ! ಛತ್ರಿ ಹಾರಿತು! ಹಿಂದೆ ಹೆಜ್ಜೆ ಇಟ್ಟೆ! ಮೊದಲು ಸದ್ದೋ, ಮೊದಲು ಹೆಜ್ಜೆಯೋ, ನನಗೆ ಗೊತ್ತಿಲ್ಲ!"

ಆಗ ಅವರು ಓಡಿದರು. ಗುಡ್ಡದ ಮೇಡಮ್ಮೇ ಗುಡ್ಡದ ಕೆಳಗೆ ಕಿರಿಚುತ್ತಿದ್ದಾರೆಂದರೆ ಕತೆ ಮುಗಿಯಿತು ಎಂದು, ಯಾವ ಕಡೆ ಹತ್ತಿರವೋ ಆ ಕಡೆ, ಯಾರ ಮೂಟೆಯೋ ಯಾರ ಮಗುವೋ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಿದರು. ಒರಗು ತಪ್ಪಿದ ಡೋಲು ಕಂಬಳಿ ಕಳಚಿಕೊಂಡು ರಸ್ತೆಯ ಇಳಿಜಾರಿನಲ್ಲಿ ಉರುಳಿ, ಅಂಚುಗಲ್ಲಿಗೆ ಢಂ ಎಂದು ಬಡಿದು, ಹಿಂದೆ ಪುಟಿದು, ಮತ್ತೆ ಢಂ ಎಂದಿತು. ಎರಡು ತುದಿಗಳಲ್ಲಿ ಜನ ಉಸಿರು ಬಿಗಿಹಿಡಿದು ನಿಂತರು. ನಡುವೆ ಖಾಲಿ ರಸ್ತೆ, ಒಂದಷ್ಟು ಚಪ್ಪಲಿಗಳು, ಅವಳು, ಕೂತಿದ್ದ ಅತ್ತೆ. ಗುಡ್ಡದಿಂದ ಒಂದು ಹರಳೂ ಉರುಳಲಿಲ್ಲ. ಅದು ಅವಳನ್ನು ಹೀಗೆ ಎಲ್ಲರ ಎದುರು ಸುಮ್ಮನೆ ನೋಡುತ್ತಾ ನಿಂತಿತ್ತು.

"ಮೇಡಂ..." ಮೈಕಿನಲ್ಲಿ ಮುಖ್ಯ ಇಂಜಿನಿಯರರ ಪಿಸುಮಾತು ತೇಲಿ ಬಂತು. "ಕೇಳಿಸ್ತು. ಹಾಗಾದ್ರೆ... ಒಳ್ಳೇದೇ ಆಯ್ತಲ್ಲ. ತೆಗೆಯೋಣ ಅಲ್ವಾ?"

ಅವಳ ಬಳಿ ಮೈಕಿರಲಿಲ್ಲ. "ಬೇಡ ಸಾರ್!" ಎಂದು ಕೂಗಿದಳು.

"ನೀವೇ ತುಳಿದಿದ್ದು ಅಂದ್ರಲ್ಲ."

"ತುಳಿದಿರಬಹುದು ಅಂದೆ!"

"ತುಳಿದ್ರೋ, ಇಲ್ವೋ? ಒಂದು ಅಂದಾಜಾದ್ರೂ ಹೇಳಿ."

"ಅಂದಾಜೂ ಇಲ್ಲ! ತೆಗೀಬೇಡಿ! ನಡೆಯೋರನ್ನೂ ಬಿಡಬೇಡಿ! ಒಬ್ಬರನ್ನೂ ಬಿಡಬೇಡಿ!"

"ನಡೆಯೋರಿಗೆ ಕಾಲಂ..."

"ಕಾಲಂ ಇಲ್ಲದಿದ್ರೂ ಅವರು ಇದ್ದಾರೆ ಸಾರ್!"

"ಜನ ಕಾರಣ ಕೇಳ್ತಾರೆ ಮೇಡಂ. ಏನು ಹೇಳ್ಲಿ?"

"ಗೊತ್ತಿಲ್ಲ ಅಂತ ಹೇಳಿ!"

"ಗೊತ್ತಿಲ್ಲ ಅಂತ ಯಾರಾದ್ರೂ ರಸ್ತೆ ಮುಚ್ತಾರಾ?"

"ಗೊತ್ತಿದ್ರೆ ಯಾಕೆ ಸಾರ್ ಮುಚ್ಚೋದು? ಗೊತ್ತಿದ್ರೆ ಬೀಳೋ ದಿನ ಬಿಟ್ಟು ಮಿಕ್ಕ ದಿನ ತೆಗೆದಿಡ್ತಿದ್ದೆ! ನನ್ನ ಹೆಸರಲ್ಲೇ ಮುಚ್ಚಿ! ಗುಡ್ಡದ ಮೇಡಮ್ಮಿಗೆ ಗೊತ್ತಿಲ್ಲವಂತೆ ಅಂತ ಬೋರ್ಡು ಹಾಕಿ!"

ಎರಡೂ ತುದಿಗಳಲ್ಲಿ ಜನ ಅದನ್ನು ಕೇಳಿದರು. ಗುಡ್ಡ ಬೀಳದ್ದು ಖಾತ್ರಿಯಾದ ಮೇಲೆ ಅವರಿಗೂ ಧ್ವನಿ ಮರಳಿತ್ತು. ಈ ಕಡೆಯಿಂದಲೂ ಆ ಕಡೆಯಿಂದಲೂ ಬೈಗುಳ ಎದ್ದಿತು, ಜೋರಾಗಿ, ಆರೋಗ್ಯವಾಗಿ, ಮನೆಗಳಲ್ಲಿ ಬೈದುಕೊಳ್ಳುವ ಹಾಗೆ. ಅವಳಿಗೆ ಆಶ್ಚರ್ಯವಾಯಿತು, ನಾಚಿಕೆಯ ಜಾಗದಲ್ಲಿ ಹೊಟ್ಟೆಯೊಳಗೆ ಸುಮ್ಮನೆ ಹಸಿವಿತ್ತು. ನಡೆಯುವವರೂ ನುಸುಳದ ಹಾಗೆ ಪೊಲೀಸಿನವನು ಅಡ್ಡಗಂಬದ ಕೆಳಗೆ ಅಡ್ಡಡ್ಡವಾಗಿ ಬೆಂಚು ಇಡುತ್ತಿದ್ದುದು ಕಂಡಿತು. ಅವನ ಪಕ್ಕದಲ್ಲಿ ಮುಖ್ಯ ಇಂಜಿನಿಯರರು ಇನ್ನೊಂದು ತುದಿಯನ್ನು ತಾವೇ ಹಿಡಿದಿದ್ದರು.

"ಅತ್ತೆ, ಏಳಿ. ಇನ್ನು ಇಲ್ಲಿ ಕೂರೋದು ನಿಷೇಧ."

"ಅಷ್ಟು ಕೂಗಿದ್ಯಲ್ಲ, ಆಯಾಸ ಆಯ್ತೇನೋ," ಎಂದರು ಅತ್ತೆ. ಎದ್ದರು. ಮಗು ಕೊಟ್ಟ ಅರ್ಧ ಹಣ್ಣನ್ನು ತೋರಿಸಿ, "ತಿಂತೀಯಾ?" ಎಂದರು. ಅವಳು ತಿಂದಳು. ಇಬ್ಬರೂ ಆಸ್ಪತ್ರೆಯ ದಿಕ್ಕಿಗೆ ನಡೆದರು, ಆ ರಸ್ತೆಯ ಮೇಲೆ ನಡೆದ ಕೊನೆಯವರಾಗಿ. ತಿರುವಿನ ಬಳಿ ಅವಳು ಒಮ್ಮೆ ಹಿಂದಿರುಗಿ ನೋಡಿದಳು. ಇನ್ನು ಮನೆಗೆ ಮರಳುವುದೆಂದರೆ ಸುತ್ತುದಾರಿಯೇ, ಒಂದು ಹಗಲು ಒಂದು ರಾತ್ರಿ, ಆ ದಾರಿಯಲ್ಲೂ ತಾನೇ ಅಂಕ ಕೊಟ್ಟ ಗುಡ್ಡಗಳು. ಸಾಲಾಗಿ ನಿಂತಿರುತ್ತವೆ.

ಆಚೆಯ ಬಸ್ಸು ತುಂಬಿತ್ತು. ದಾಟಲು ಬಂದು ಹಿಂದಕ್ಕೆ ಓಡಿದವರೆಲ್ಲ ಅದರಲ್ಲೇ ಮರಳುತ್ತಿದ್ದರು, ಬೇರೆಯವರ ಮೂಟೆಗಳ ಜೊತೆ. ಅವಳು ಹತ್ತಿದ ಕೂಡಲೇ ಎಲ್ಲರೂ ತಿರುಗಿ ನೋಡಿದರು. ನೀರಿನ ಬಾಟಲಿಯ ಆಕೆ ಕಿಟಕಿಯ ಪಕ್ಕ ಕೂತಿದ್ದಳು, ಮಡಿಲಲ್ಲಿ ಯಾರದೋ ಹೊಲಿಗೆಯಂತ್ರದ ತಲೆ.

"ಬಂದ್ರಾ? ಬನ್ನಿ!" ಎಂದಳು ಆಕೆ. "ನಮ್ಮ ಯಜಮಾನರು ಆ ಕಡೆ, ನಾನು ಈ ಕಡೆ. ಮನೆ ಬೀಗದ ಕೈ ಅವರ ಹತ್ತಿರ. ಇವರಿಗೆ ಗೊತ್ತಿಲ್ವಂತೆ! ಓದಿದೋರು, ಸಂಬಳ ತಗೊಳ್ಳೋರು, ಗೊತ್ತಿಲ್ಲ ಅಂತಾರೆ! ಗೊತ್ತಿಲ್ಲ ಅನ್ನೋಕೆ ನಾವೇ ಸಾಕಿತ್ತಲ್ಲ!" ಬೈಯುತ್ತಾ ಆಕೆ ಯಂತ್ರವನ್ನು ಕಾಲಿನ ಬಳಿ ಇಳಿಸಿದಳು, ಪಕ್ಕದವನನ್ನು ಮೊಣಕೈಯಿಂದ ತಿವಿದು ಎಬ್ಬಿಸಿದಳು, ತಾನು ಕಿಟಕಿಗೆ ಅಂಟಿಕೊಂಡು, ಇಬ್ಬರು ಕೂರುವಷ್ಟು ಜಾಗ ಮಾಡಿದಳು. "ಕೂತ್ಕೊಳ್ಳಿ, ಏನು ನಿಂತಿದ್ದೀರಿ? ಅಜ್ಜೀನ ನಡುವೆ ಕೂರಿಸಿ."

ಅತ್ತೆ ನಡುವೆ ಕೂತರು. ಬಸ್ಸು ಹೊರಟಿತು. ಅತ್ತೆ, ಪಿಸುಗುಟ್ಟಬೇಕೆಂಬ ಕಾಳಜಿಯಿಂದ, ಇಡೀ ಬಸ್ಸಿಗೆ ಕೇಳುವಂತೆ ಪಿಸುಗುಟ್ಟಿದರು: "ನನಗಾದ್ರೂ ನಿಜ ಹೇಳೇ. ತುಳಿದ್ಯೋ, ಇಲ್ವೋ?"

"ಗೊತ್ತಿಲ್ಲ ಅತ್ತೆ."

"ಹ್ಞೂಂ," ಎಂದರು ಅತ್ತೆ.

"ಗೊತ್ತಿಲ್ವಂತೆ!" ಎಂದು ಕಿಟಕಿಯಾಕೆ ಮತ್ತೆ ಮೊದಲಿನಿಂದ ಶುರು ಮಾಡಿದಳು, ಬೀಗದ ಕೈ, ಯಜಮಾನರು, ಓದಿದವರು, ಸಂಬಳ. ಬಸ್ಸು ತಿರುವಿನಲ್ಲಿ ವಾಲಿತು. ಆಕೆ, ಬೈಗುಳದ ಒಂದಕ್ಷರವನ್ನೂ ಬಿಡದೆ, ಕೈ ಚಾಚಿ ಅತ್ತೆಯ ಮೊಣಕೈಯನ್ನು ಭದ್ರವಾಗಿ ಹಿಡಿದುಕೊಂಡಳು.